ಹತ್ತು ನಿಮಿಷಕ್ಕೆ ನಿಲ್ಲುವ ಜನರೇಟರು: ಡೀಸೆಲಿನಲ್ಲಿ ಲೋಳೆ ಹುಡುಕುವ, ತೆಗೆಯುವ ಬಗೆ

ಅಡಿಕೆ ಕೊಯ್ಲಿನ ಸಮಯ. ಅಂಗಳದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿತ್ತು, ಸುಲಿಯುವ ಮಷೀನು ಓಡುತ್ತಿತ್ತು, ಕರೆಂಟು ಹೋಯಿತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ನಮ್ಮೂರಲ್ಲಿ ಇದೇನು ಹೊಸದಲ್ಲ. ಜನರೇಟರು ಹಾಕಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹತ್ತು ನಿಮಿಷ ಚೆನ್ನಾಗಿಯೇ ಓಡಿತು. ಆಮೇಲೆ ಬಲ್ಬು ಮಂಕಾಯಿತು, ಮತ್ತೆ ಬೆಳಗಿತು, ಮತ್ತೆ ಮಂಕಾಯಿತು. ಇಂಜಿನ್ನು ಏದುಸಿರು ಬಿಟ್ಟು ನಿಂತೇ ಹೋಯಿತು. ಕಾಲು ಗಂಟೆ ಬಿಟ್ಟು ನೋಡಿದರೆ ಏನೂ ಆಗದ ಹಾಗೆ ಸ್ಟಾರ್ಟ್! ಮತ್ತೆ ಹತ್ತು ನಿಮಿಷ, ಮತ್ತೆ ಅದೇ ಕಥೆ.

ಆ ವಾರ ಮೂರು ಫಿಲ್ಟರು ಬದಲಿಸಿದೆ. ನೋಡಲು ಬಂದ ಮೆಕ್ಯಾನಿಕ್ “ಇಂಜಿನ್ನಿನ ಪಂಪು ಹೋಗಿದೆ, ಬಿಚ್ಚಿ ಶಿವಮೊಗ್ಗಕ್ಕೆ ಕಳಿಸಬೇಕು” ಎಂದರು. ಪಕ್ಕದ ಮನೆಯವರು ಬಂಕಿನವರನ್ನು ಬೈದರು. ಪಂಪೂ ಸರಿ ಇತ್ತು, ಬಂಕೂ ಸರಿ ಇತ್ತು. ತಪ್ಪು ಇದ್ದದ್ದು ನಮ್ಮ ಕೊಟ್ಟಿಗೆಯ ಸೂರಿನ ಕೆಳಗೆ ನಾನೇ ನಿಲ್ಲಿಸಿದ್ದ ಡೀಸೆಲ್ ಡ್ರಮ್ಮಿನಲ್ಲಿ. ಅದರೊಳಗೆ ನೀರು ಸೇರಿ, ಆ ನೀರಿನಲ್ಲಿ ಲೋಳೆ ಬೆಳೆದಿತ್ತು.

ಅದನ್ನು ಹುಡುಕಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಜನರೇಟರಿಗೆ ಹೇಳಿದ್ದು ಟಿಲ್ಲರಿಗೂ, ಡೀಸೆಲ್ ಪಂಪ್‌ಸೆಟ್ಟಿಗೂ, ಹಳೆ ಟ್ರ್ಯಾಕ್ಟರಿಗೂ ಹೊಂದುತ್ತದೆ. ಹೊಸ ಹೊಗೆ ನಿಯಮದ ಬಿಎಸ್-6 ಗಾಡಿಗಳ ಮಾತು ಸ್ವಲ್ಪ ಬೇರೆ, ಅದು ಕೊನೆಯಲ್ಲಿದೆ.

ಮೊದಲು ಹೊಗೆ ನೋಡಿ, ಸದ್ದು ಕೇಳಿ

ಡೀಸೆಲ್ ಸಿಗದೆ ನಿಲ್ಲುವ ಇಂಜಿನ್ನು ಕಪ್ಪು ಹೊಗೆ ಬಿಡುವುದಿಲ್ಲ. ಲೋಡು ಹಾಕಿದೊಡನೆ ಸೋಲುತ್ತದೆ, ರೇಸು ತಾನಾಗಿ ಏರಿಳಿಯುತ್ತದೆ, ಮೆಲ್ಲಗೆ ನಿಲ್ಲುತ್ತದೆ. ಜನರೇಟರಿನಲ್ಲಿ ಇದು ಬೇಗ ಗೊತ್ತಾಗುತ್ತದೆ. ನಮ್ಮ ಮನೆಯಂಥ ಸೆಟ್ಟುಗಳ ಇಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಮಾತ್ರ 50 ಹರ್ಟ್ಸ್ ಕರೆಂಟು ಸಿಗುತ್ತದೆ. ಸುತ್ತು ಇಳಿದರೆ ಬಲ್ಬೇ ಹೇಳುತ್ತದೆ. ಕಪ್ಪು ಹೊಗೆ ದಟ್ಟವಾಗಿ ಬರುತ್ತಿದ್ದರೆ ಏರ್ ಫಿಲ್ಟರು, ಇಂಜಿನ್ನಿನೊಳಗೆ ಡೀಸೆಲು ಚಿಮ್ಮಿಸುವ ನೋಝಲ್ಲು, ಇಲ್ಲವೇ ಜಾಸ್ತಿ ಲೋಡು, ಈ ಕಡೆ ನೋಡಿ. ಈ ಬರಹ ಅದಕ್ಕಲ್ಲ. ಬಿಳಿ ಹೊಗೆ ಬಂದು ಇಂಜಿನ್ನು ಮಿಸ್ ಹೊಡೆಯುತ್ತಿದ್ದರೆ ನೀರು ನೋಝಲ್ಲಿನ ತನಕ ಹೋಗಿರಬಹುದು. ಆಗ ಮತ್ತೆ ಮತ್ತೆ ಸ್ಟಾರ್ಟ್ ಮಾಡುವ ಹಟ ಬೇಡ, ಅಲ್ಲಿಗೇ ನಿಲ್ಲಿಸಿ.

ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಎನ್ನುವುದು ದೊಡ್ಡ ಸುಳಿವು. ಇಂಜಿನ್ನು ಓಡುವಾಗ ಪಂಪಿನ ಎಳೆತಕ್ಕೆ ಲೋಳೆ ಬಂದು ಟ್ಯಾಂಕಿನ ತಳದಲ್ಲಿ ಡೀಸೆಲು ಹೊರಡುವ ಬಾಯಿಯ ಜಾಲರಿಗೆ ಅಂಟುತ್ತದೆ. ಇಂಜಿನ್ನು ನಿಂತರೆ ಎಳೆತ ಇಲ್ಲ, ಲೋಳೆ ಸಡಿಲವಾಗಿ ಕೆಳಗೆ ಬೀಳುತ್ತದೆ. ದಾರಿ ಮತ್ತೆ ತೆರೆಯುತ್ತದೆ.

ಆದರೆ ಇದೇ ಲಕ್ಷಣ ಇನ್ನೊಂದು ಬಡಪಾಯಿ ಕಾರಣಕ್ಕೂ ಬರುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡಲು ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಅಡಿಕೆ ಸಿಪ್ಪೆಯ ಧೂಳೋ, ಕಣಜ ಕಟ್ಟಿದ ಮಣ್ಣಿನ ಗೂಡೋ ತುಂಬಿದರೆ ಒಳಗೆ ಗಾಳಿ ಹೋಗುವುದಿಲ್ಲ, ಡೀಸೆಲು ಇಳಿಯುವುದಿಲ್ಲ. ಹಾಗಾಗಿ ಇಂಜಿನ್ನು ಸೋಲಲು ಶುರುವಾದೊಡನೆ ಮುಚ್ಚಳ ಸಡಿಲಿಸಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡು ಇಂಜಿನ್ನು ಚೇತರಿಸಿಕೊಂಡರೆ ತಂತಿಯಿಂದ ಆ ತೂತು ಬಿಡಿಸಿ, ಮುಂದಿನದನ್ನು ಓದುವ ಕೆಲಸವೇ ಇಲ್ಲ. ನನ್ನದರಲ್ಲಿ ಏನೂ ಆಗಲಿಲ್ಲ.

ಎರಡನೆಯದು ಪೈಪಿನಲ್ಲಿ ಏರ್ ಹಿಡಿಯುವುದು. ಹಳೆ ರಬ್ಬರ್ ಪೈಪು ಬಿರುಕು ಬಿಟ್ಟರೆ, ಪೈಪು ಜೋಡಿಸುವ ಬ್ಯಾಂಜೊ ಬೋಲ್ಟಿನ ವಾಷರು ಸವೆದರೆ ಡೀಸೆಲಿನ ಜೊತೆ ಗಾಳಿಯೂ ಹೋಗುತ್ತದೆ. ಪಂಪಿಗೆ ಡೀಸೆಲು ಬರುವ ಕಡೆ ಒಂದು ತುಂಡು ಪಾರದರ್ಶಕ ಪೈಪು ಸಿಕ್ಕಿಸಿ ಓಡಿಸಿ ನೋಡಿ, ಗುಳ್ಳೆ ಕಂಡರೆ ಕೆಲಸ ಅಲ್ಲಿದೆ.

ಮೂರನೆಯದು ಎಲ್ಲಕ್ಕಿಂತ ಸುಲಭ. ಫಿಲ್ಟರಿಗೆ ಬರುವ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಬಿಡಿ. ಮೇಲಿನ ಟ್ಯಾಂಕಾದರೆ ಡೀಸೆಲು ತಾನಾಗಿಯೇ ಧಾರೆಯಾಗಿ ಇಳಿಯಬೇಕು. ನನ್ನದರಲ್ಲಿ ಮೊದಲು ಧಾರೆ, ಆಮೇಲೆ ಸಣ್ಣ ಧಾರೆ, ಆಮೇಲೆ ತೊಟ್ಟು. ಅಲ್ಲಿಗೆ ಪಂಪಿನ ಮೇಲಿದ್ದ ಅನುಮಾನ ಹೋಯಿತು. ತೊಂದರೆ ಟ್ಯಾಂಕಿನ ಬಾಯಲ್ಲೇ ಇತ್ತು. ಮೆಕ್ಯಾನಿಕ್ ಮಾತು ಕೇಳಿ ಪಂಪು ಬಿಚ್ಚಿದ್ದರೆ ಸುಮ್ನೆ ದುಡ್ಡು ಹೋಗುತ್ತಿತ್ತು, ಅಲ್ವಾ?

ಮೂರು ಬಾಟಲಿ ಪರೀಕ್ಷೆ

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಖರ್ಚು ಮೂರು ಖಾಲಿ ಹಾರ್ಲಿಕ್ಸ್ ಬಾಟಲಿ. ಚೆನ್ನಾಗಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ. ಒಂದು ಹನಿ ನೀರು ಉಳಿದಿದ್ದರೂ ಪರೀಕ್ಷೆ ಕೆಟ್ಟಿತು.

ಒಂದನೇ ಬಾಟಲಿಗೆ ಬಂಕಿನ ನಾಝಲಿನಿಂದ ನೇರವಾಗಿ ಬಂದ ಡೀಸೆಲು. ಎರಡನೆಯದಕ್ಕೆ ಮನೆಯ ಡ್ರಮ್ಮಿನ ತಳದ ಡೀಸೆಲು. ಮೂರನೆಯದಕ್ಕೆ ಇಂಜಿನ್ ಟ್ಯಾಂಕಿನ ತಳದ್ದು. ತಳದ್ದೇ ಬೇಕು. ಡೀಸೆಲಿನ ಸಾಂದ್ರತೆ ಸುಮಾರು 0.83, ನೀರಿನದು 1. ನೀರು ಯಾವಾಗಲೂ ಕೆಳಗೇ ಕೂರುತ್ತದೆ. ಮೇಲಿಂದ ಲೋಟದಲ್ಲಿ ಮೊಗೆದು “ನೋಡಿ, ಎಷ್ಟು ಚೆನ್ನಾಗಿದೆ” ಎಂದರೆ ಏನೂ ಗೊತ್ತಾಗುವುದಿಲ್ಲ. ರಾತ್ರಿಯಿಡೀ ಅಲುಗಾಡದೆ ಇಟ್ಟು ಬೆಳಿಗ್ಗೆ ತೆಗೆಯಿರಿ.

ಡ್ರಮ್ಮಿನ ತಳದಿಂದ ತೆಗೆಯಲು ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಲೆವೆಲ್ ಪೈಪು ಇದೆಯಲ್ಲ, ಅದೇ ಸಾಕು. ಒಂದೂವರೆ ಮೀಟರ್ ತುಂಡನ್ನು ಒಣ ಬಿದಿರು ಕೋಲಿಗೆ ಕಟ್ಟಿ. ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ ತಳ ಮುಟ್ಟುವ ತನಕ ಇಳಿಸಿ, ಬೆರಳು ಬಿಡಿ, ತಳದ್ದು ಪೈಪಿಗೆ ಏರುತ್ತದೆ. ಮತ್ತೆ ಬೆರಳು ಒತ್ತಿ ಎತ್ತಿ. ಬಾಯಿ ಹಾಕಿ ಎಳೆಯಬೇಡಿ. ಡೀಸೆಲು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.

ಬಾಟಲಿಗಳನ್ನು ಒಂದು ಗಂಟೆ ನೆರಳಿನಲ್ಲಿ ಬಿಟ್ಟು ನೋಡಿ. ಒಳ್ಳೆಯ ಡೀಸೆಲು ಹೊಳೆಯುತ್ತದೆ, ಬಾಟಲಿಯ ಹಿಂದೆ ಪೇಪರು ಹಿಡಿದರೆ ಅಕ್ಷರ ಓದಬಹುದು. ಮಬ್ಬಾಗಿದ್ದರೆ ಸಣ್ಣ ಹನಿಗಳಾಗಿ ನೀರು ಸೇರಿದೆ. ತಳದಲ್ಲಿ ಬೇರೆ ಪದರ ಇದ್ದರೆ ಅದು ನೀರು. ಈಗ ಮುಖ್ಯವಾದದ್ದು ಡೀಸೆಲಿಗೂ ನೀರಿಗೂ ನಡುವಿನ ಗೆರೆ. ಗೆರೆ ಕನ್ನಡಿಯ ಅಂಚಿನ ಹಾಗೆ ಚೊಕ್ಕವಾಗಿದ್ದರೆ ಬರೀ ನೀರು, ಜೀವ ಇನ್ನೂ ಹುಟ್ಟಿಲ್ಲ. ಅಲ್ಲಿ ಕಂದು ಅಥವಾ ಬೂದು ಬಣ್ಣದ ಕೆನೆಯಂಥದ್ದು ಕಟ್ಟಿದ್ದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಿದಾಗ ಚೂರುಚೂರಾಗಿ, ನೂಲಿನ ಹಾಗೆ ತೇಲಿದರೆ ಅದೇ ನಾವು ಹುಡುಕುವ ಲೋಳೆ. ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಂಧಕದ ಗಾಳಿ ಬಿಡುವ ಬ್ಯಾಕ್ಟೀರಿಯಾವೂ ಸೇರಿಕೊಂಡಿದೆ, ಇದು ಹಳೆಯ ಕಾಯಿಲೆ ಎಂದರ್ಥ. ಜೋರಾಗಿ ಮೂಸಬೇಡಿ, ಆ ಗಾಳಿ ವಿಷ.

ಮೂರು ಬಾಟಲಿ ಪಕ್ಕಪಕ್ಕ ಇಟ್ಟರೆ ತಪ್ಪು ಎಲ್ಲಿ ಸೇರಿತು ಎನ್ನುವುದು ಗೊತ್ತಾಗುತ್ತದೆ. ಬಂಕಿನದು ಮಬ್ಬಾದರೆ ಬಂಕಿಗೆ ಹೋಗಿ ಕೇಳಿ. ಅವರ ಬಳಿ ನೀರು ಪತ್ತೆ ಹಚ್ಚುವ ಪೇಸ್ಟ್ ಇರುತ್ತದೆ. ಅಳತೆ ಕೋಲಿಗೆ ಸವರಿ ಟ್ಯಾಂಕಿಗೆ ಇಳಿಸಿದರೆ ನೀರು ಮುಟ್ಟಿದಷ್ಟು ಬಣ್ಣ ಬದಲಾಗುತ್ತದೆ. ಡ್ರಮ್ಮು ಚೊಕ್ಕ, ಇಂಜಿನ್ ಟ್ಯಾಂಕು ಮಾತ್ರ ಕೊಳಕು ಅಂದರೆ ಮುಚ್ಚಳದಿಂದ ನೀರು ಹೋಗುತ್ತಿದೆ. ನನ್ನದರಲ್ಲಿ ಬಂಕಿನದು ಗಾಜಿನಂತೆ ಇತ್ತು. ಡ್ರಮ್ಮಿನ ಬಾಟಲಿಯಲ್ಲಿ ಮೂರು ಬೆರಳು ನೀರು, ಅದರ ಮೇಲೆ ಕಾಫಿ ಬಣ್ಣದ ಕೆನೆ. ಬಂಕಿನವರನ್ನು ಬೈದಿದ್ದ ಪಕ್ಕದ ಮನೆಯವರು ಬಂದು ನೋಡಿ “ಎಂತ ಮಾರಾಯ್ರೆ, ಇದು ನಿಮ್ಮದೇ ಸೃಷ್ಟಿ” ಎಂದರು. ನಿಜ.

ಫಿಲ್ಟರು ಕತ್ತರಿಸಿ ನೋಡಿ

ಹಳೆ ಫಿಲ್ಟರು ಎಸೆಯಬೇಡಿ. ಕಪ್ಪಾಗಿದ್ದ ಮಾತ್ರಕ್ಕೆ ಅದು ಲೋಳೆ ಅಲ್ಲ. ಹಳೆ ಡೀಸೆಲು ಗಾಳಿಗೆ ಕೆಟ್ಟರೂ ಕಪ್ಪು ಅಂಟು ಕಟ್ಟುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ಲೋಳೆಯಾದರೆ ಬಸಳೆ ಎಲೆ ಹಿಚುಕಿದ ಹಾಗೆ ಜಾರುತ್ತದೆ. ಅಂಟಾದರೆ ಡಾಂಬರಿನ ಹಾಗೆ ಹಿಡಿದುಕೊಳ್ಳುತ್ತದೆ. ಸಣ್ಣ ಚೂರನ್ನು ಥಿನ್ನರಿಗೆ ಹಾಕಿದರೆ ಅಂಟು ಬಹುಮಟ್ಟಿಗೆ ಕರಗಿ ಥಿನ್ನರಿಗೆ ಬಣ್ಣ ಬರುತ್ತದೆ, ಲೋಳೆ ಚೂರು ಚೂರಾಗಿ ಹಾಗೇ ಉಳಿಯುತ್ತದೆ. ಕೆಂಪು ಪುಡಿಯಿದ್ದು ಅಯಸ್ಕಾಂತಕ್ಕೆ ಸ್ವಲ್ಪವಾದರೂ ಎಳೆಯಿತು ಅಂದರೆ ಟ್ಯಾಂಕಿನ ತುಕ್ಕು. ತುಕ್ಕೂ ಲೋಳೆಯೂ ಜೊತೆಯಾಗಿ ಬರುವುದೇ ಹೆಚ್ಚು, ಎರಡಕ್ಕೂ ಮೂಲ ಆ ತಳದ ನೀರೇ.

ಈ ಲೋಳೆ ಎಂದರೆ ಏನು? ಕೆಲವು ಬೂಷ್ಟು, ಯೀಸ್ಟ್, ಬ್ಯಾಕ್ಟೀರಿಯಾಗಳಿಗೆ ಡೀಸೆಲೇ ಊಟ. ಇದರಲ್ಲಿ ಹೆಸರುವಾಸಿ ಬೂಷ್ಟು ಹಾರ್ಮೊಕೊನಿಸ್ ರೆಸಿನೇ. ಅದನ್ನು ‘ಕೆರೋಸಿನ್ ಫಂಗಸ್’ ಎಂದೂ ಕರೆಯುತ್ತಾರೆ. 1950–60ರ ದಶಕದಲ್ಲಿ ಜೆಟ್ ವಿಮಾನಗಳ ರೆಕ್ಕೆಯೊಳಗಿನ ಇಂಧನ ಟ್ಯಾಂಕುಗಳಲ್ಲಿ ಬೆಳೆದು ತಲೆನೋವು ಕೊಟ್ಟದ್ದು ಇದೇ. ಊಟ ಡೀಸೆಲಾದರೂ ಅದರ ಮನೆ ಮಾತ್ರ ನೀರು. ಎರಡರ ಗಡಿಯಲ್ಲಿ ಕೂತು ಮೇಲಿನದನ್ನು ತಿನ್ನುತ್ತದೆ, ಕೆಳಗಿನದರಲ್ಲಿ ಬದುಕುತ್ತದೆ. 25ರಿಂದ 35 ಡಿಗ್ರಿ ಶಾಖ ಅದಕ್ಕೆ ಬಹಳ ಹಿತ. ಅಂದರೆ ನಮ್ಮ ಕೊಟ್ಟಿಗೆಯ ಶಾಖ. ಅದು ಬಿಡುವ ಹುಳಿಯಿಂದ ಟ್ಯಾಂಕಿನ ತಳದ ಕಬ್ಬಿಣ ಸವೆದು ಸೂಜಿ ತೂತು ಬೀಳುವುದೂ ಉಂಟು.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಮಿಡಿ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ಅಮ್ಮ ಯಾಕೆ ಕೂಗುತ್ತಾರೆ? ಅದೇ ಕಾರಣ.

ಇನ್ನೊಂದು ವಿಷಯ. ಈಗಿನ ಡೀಸೆಲಿನಲ್ಲಿ ಶೇ. 7ರ ತನಕ ಬಯೋಡೀಸೆಲ್ ಇರಲು ನಮ್ಮ ದೇಶದ ಮಾನದಂಡ ಒಪ್ಪುತ್ತದೆ. ಬಯೋಡೀಸೆಲ್ ಬರೀ ಡೀಸೆಲಿಗಿಂತ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ, ಈ ಜೀವಿಗಳಿಗೆ ಅದು ತಿನ್ನಲೂ ಸುಲಭ. ಅಪ್ಪನ ಕಾಲದಲ್ಲಿ ಡ್ರಮ್ಮಿನಲ್ಲಿ ಎರಡು ವರ್ಷ ಇಟ್ಟರೂ ಏನೂ ಆಗುತ್ತಿರಲಿಲ್ಲ ಎಂದು ಈಗಲೂ ಹಾಗೇ ಇಡಬೇಡಿ.

ನೀರು ಬಂದದ್ದು ಎಲ್ಲಿಂದ?

ಯಾರನ್ನು ಕೇಳಿದರೂ “ಟ್ಯಾಂಕು ಬೆವರುತ್ತದೆ” ಎನ್ನುತ್ತಾರೆ. ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಹನಿಗಟ್ಟುತ್ತದೆ ಎನ್ನುವ ಮಾತು. ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿ. 30 ಡಿಗ್ರಿಯಲ್ಲಿ ತೇವ ಪೂರ್ತಿ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ನೀರು ಸುಮಾರು 30 ಗ್ರಾಂ. ಅರ್ಧ ಖಾಲಿಯಾದ 200 ಲೀಟರ್ ಡ್ರಮ್ಮಿನಲ್ಲಿ ಗಾಳಿ 100 ಲೀಟರ್. ಅಷ್ಟೂ ತೇವ ಇಳಿದರೂ 3 ಗ್ರಾಂ! ಅದರಲ್ಲಿ ದಿನಕ್ಕೆ ಹೊಸದಾಗಿ ಒಳಗೆ ಬರುವ ಗಾಳಿ ಕೆಲವೇ ಲೀಟರ್. ಇನ್ನು ಡೀಸೆಲೇ ತರುವ ನೀರು. ಮಾನದಂಡದ ಮಿತಿ ಕಿಲೋಗೆ 200 ಮಿಲಿಗ್ರಾಂ. ಡ್ರಮ್ಮಿನ ಲೆಕ್ಕಕ್ಕೆ ಅದು 33 ಗ್ರಾಂ, ಅದೂ ಕರಗಿಕೊಂಡೇ ಇರುವುದು ಹೆಚ್ಚು.

ನನ್ನ ಡ್ರಮ್ಮಿನಲ್ಲಿ ಸಿಕ್ಕಿದ್ದು ನಾಲ್ಕು ಲೀಟರ್ ನೀರು. ಬೆವರಿನ ಲೆಕ್ಕಕ್ಕೆ ಅದು ಯಾವ ರೀತಿಯಿಂದಲೂ ಬಗ್ಗುವುದಿಲ್ಲ. ಲೀಟರುಗಟ್ಟಲೆ ಸಿಕ್ಕರೆ ಬೆವರಿನ ಮಾತು ಬಿಡಿ, ತೂತು ಹುಡುಕಿ.

ತೂತು ಸಿಕ್ಕಿತು. ಡ್ರಮ್ಮು ಸೂರಿನ ಕೆಳಗೆ ನೇರ ನಿಂತಿತ್ತು. ಬಿರಡೆ ಭದ್ರವಾಗಿಯೇ ಇತ್ತು. ಆದರೆ ಡ್ರಮ್ಮಿನ ಮೇಲ್ಭಾಗಕ್ಕೆ ಸುತ್ತ ಏರಿದ ಅಂಚು ಇರುತ್ತದೆ, ಅದು ತಟ್ಟೆಯ ಹಾಗೆ ನೀರು ಹಿಡಿಯುತ್ತದೆ. ಒಂದು ಸೆಂಟಿಮೀಟರ್ ನಿಂತರೆ ಎರಡೂವರೆ ಲೀಟರ್. ಅಕ್ಟೋಬರ್ ಮಧ್ಯಾಹ್ನದ ಬಿಸಿಲಿಗೆ ಡ್ರಮ್ಮು ಕಾಯುತ್ತದೆ, ಒಳಗಿನ ಗಾಳಿ ಹಿಗ್ಗಿ ಬಿರಡೆಯ ಮರೆಯಿಂದ ಹೊರಗೆ ಹೋಗುತ್ತದೆ. ಮೂರು ಗಂಟೆಗೆ ಗುಡುಗು ಮಳೆ. ಡ್ರಮ್ಮು ಒಮ್ಮೆಗೇ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗಿ ಎಳೆಯುತ್ತದೆ. ಬಿರಡೆಯ ಸುತ್ತ ನಿಂತಿರುವುದು ಗಾಳಿಯಲ್ಲ, ನೀರು. ಅದನ್ನೇ ಕುಡಿಯುತ್ತದೆ. ಡ್ರಮ್ಮು ಅರ್ಧ ಖಾಲಿ ಇದ್ದಷ್ಟೂ ಈ ಉಸಿರಾಟ ಜಾಸ್ತಿ. ಹೊರಗೆ ಸೋರುವ ಗುರುತು ಒಂದೂ ಇರುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿ ಕೂತು ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲ.

ಇಂಜಿನ್ ಟ್ಯಾಂಕಿಗೆ ನೀರು ಹೋಗುವ ದಾರಿ ಇನ್ನೂ ತಮಾಷೆಯದು. ಆಯುಧ ಪೂಜೆ. ಟಿಲ್ಲರು, ಜನರೇಟರು ಎಲ್ಲವನ್ನೂ ಹೊರಗೆ ತಂದು ಪೈಪು ಹಿಡಿದು ಜೋರಾಗಿ ತೊಳೆದು, ಕುಂಕುಮ ಇಟ್ಟು, ಚೆಂಡು ಹೂವು ಏರಿಸುತ್ತೇವೆ. ಮುಚ್ಚಳದ ಗಾಳಿ ತೂತಿಗೆ ನೇರ ನೀರು ಹೊಡೆಯುವುದು ಅವತ್ತೇ. ತೊಳೆಯಿರಿ, ಬೇಡ ಎನ್ನುವುದಿಲ್ಲ. ಮುಚ್ಚಳಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ ತೊಳೆಯಿರಿ.

ತೆಗೆಯುವ ಕೆಲಸ

ಮಳೆ ಇಲ್ಲದ ದಿನ ಹಿಡಿದುಕೊಳ್ಳಿ. ಒಲೆ, ಬೀಡಿ, ವೆಲ್ಡಿಂಗ್ ಯಾವುದೂ ಹತ್ತಿರ ಬೇಡ. ಕೈಗೆ ರಬ್ಬರ್ ಗವಸು ಇರಲಿ.

ಡ್ರಮ್ಮಿನ ಒಂದು ಬದಿಗೆ ಹಿಂದಿನ ದಿನವೇ ಮರದ ತುಂಡು ಕೊಟ್ಟು ವಾಲಿಸಿ ಬಿಡಿ. ನೀರು, ಲೋಳೆ ಎಲ್ಲ ತಗ್ಗಿನ ಮೂಲೆಗೆ ಬಂದು ಕೂರುತ್ತದೆ. ಕೈಪಂಪನ್ನು ಎತ್ತರದ ಬದಿಯಿಂದ ಇಳಿಸಿ, ತಳದಿಂದ ಒಂದು ಗೇಣು ಮೇಲೆಯೇ ನಿಲ್ಲಿಸಿ, ಮೇಲಿನ ಒಳ್ಳೆ ಡೀಸೆಲನ್ನು ಒಣ ಕ್ಯಾನುಗಳಿಗೆ ತೆಗೆಯಿರಿ. ಪ್ರತಿ ಕ್ಯಾನಿಂದಲೂ ಬಾಟಲಿಗೆ ಸ್ವಲ್ಪ ಹಾಕಿ ನೋಡುತ್ತಾ ಹೋಗಿ, ಮಬ್ಬು ಶುರುವಾದಲ್ಲಿ ನಿಲ್ಲಿಸಿ. ನನಗೆ 140 ಲೀಟರಿನಲ್ಲಿ ಸುಮಾರು 110 ಲೀಟರ್ ಒಳ್ಳೆಯದು ಸಿಕ್ಕಿತು. ಉಳಿದದ್ದರ ಆಸೆ ಬಿಟ್ಟೆ. ಪಂಚೆಯ ಬಟ್ಟೆಯಲ್ಲಿ ಸೋಸಿ ಉಪಯೋಗಿಸಿಬಿಡೋಣ ಎಂದು ಮನೆಯಲ್ಲಿ ಸಲಹೆ ಬಂತು. ಬಟ್ಟೆ ಕಸ ಹಿಡಿಯುತ್ತದೆ, ನೀರು ಹಿಡಿಯುವುದಿಲ್ಲ, ಕಣ್ಣಿಗೆ ಕಾಣದ ಜೀವಿಯನ್ನಂತೂ ಹಿಡಿಯುವುದೇ ಇಲ್ಲ.

ಇಂಜಿನ್ ಟ್ಯಾಂಕಿನ ತಳದ ಬೋಲ್ಟು ತೆಗೆದು ಪೂರ್ತಿ ಖಾಲಿ ಮಾಡಿ. ಸಣ್ಣ ಟ್ಯಾಂಕಾದರೆ ಬಿಚ್ಚಿ ಕೆಳಗಿಳಿಸುವುದೇ ಲೇಸು. ಒಳಗಿನ ಗೋಡೆಗೆ ಕೈ ಸವರಿದರೆ ಲೋಳೆ ಅಲ್ಲೂ ಅಂಟಿರುತ್ತದೆ. ಬರೀ ಡೀಸೆಲು ಹಾಕಿ ಕುಲುಕಿದರೆ ಅದು ಬಿಡುವುದಿಲ್ಲ, ಉಜ್ಜಲೇಬೇಕು. ನೂಲು ಬಿಡದ ಬಟ್ಟೆಯನ್ನು ಕೋಲಿಗೆ ಸುತ್ತಿ ಉಜ್ಜಿ, ಹೊಸ ಡೀಸೆಲಿನಿಂದ ಎರಡು ಸಲ ತೊಳೆದು ಕೊಳಕು ಕ್ಯಾನಿಗೆ ಸುರಿಯಿರಿ. ಗ್ಯಾರೇಜಿನ ಹತ್ತಿ ವೇಸ್ಟು, ಗೋಣಿ ಚೂರು ಬೇಡ, ಅದರ ನಾರು ಹೋಗಿ ಮತ್ತೆ ಜಾಲರಿಗೇ ಕೂರುತ್ತದೆ. ಪೆಟ್ರೋಲಿನಲ್ಲಿ ತೊಳೆಯುವವರನ್ನು ನೋಡಿದ್ದೇನೆ. ಒಂದು ಕಿಡಿ ಸಾಕು, ಮಾಡಬೇಡಿ.

ಆಮೇಲೆ ಟ್ಯಾಂಕಿನ ಬಾಯಿಯ ಜಾಲರಿ ಬಿಚ್ಚಿ ತೊಳೆಯಿರಿ. ನನ್ನದರಲ್ಲಿ ಅದರ ಮೇಲೆ ಒದ್ದೆ ಕಂಬಳಿಯ ಚೂರಿನಂಥದ್ದು ಹೊದ್ದು ಕೂತಿತ್ತು. ಮೂರು ಫಿಲ್ಟರು ಬದಲಿಸಿಯೂ ಉಪಯೋಗ ಆಗದಿದ್ದುದು ಇದಕ್ಕೇ, ಫಿಲ್ಟರಿಗಿಂತ ಮೊದಲೇ ದಾರಿ ಕಟ್ಟಿತ್ತು. ಪೈಪಿಗೆ ಗಾಳಿ ಊದಿ, ಒಳಗೆ ಲೋಳೆ ಅಂಟಿದ ರಬ್ಬರ್ ಪೈಪು ಹಳೆಯದಾದರೆ ಬದಲಿಸಿ. ಫಿಲ್ಟರಿನ ಕೆಳಗೆ ನೀರು ನಿಲ್ಲುವ ಗಾಜಿನ ಬೌಲು ಇದ್ದರೆ ಬಿಚ್ಚಿ ಒರೆಸಿ, ಹೊಸ ಫಿಲ್ಟರು, ಹೊಸ ವಾಷರು ಹಾಕಿ.

ಏರ್ ತೆಗೆಯುವುದು ಹಳೆ ಮಾದರಿ ಇಂಜಿನ್ನಿನಲ್ಲಿ ಎಲ್ಲರಿಗೂ ಗೊತ್ತಿರುವುದೇ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಇಂಜಿನ್ನಿನದೇ ಸಣ್ಣ ಕೈಪಂಪು ಒತ್ತುತ್ತಾ ಗುಳ್ಳೆ ನಿಂತ ಮೇಲೆ ಬಿಗಿಯಿರಿ. ಆಮೇಲೆ ಪಂಪಿನ ಸ್ಕ್ರೂ, ಹಾಗೇ ಮುಂದೆ.

ತಳದ ಕೊಳಕು ನೀರನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲಬೇಡಿ. ಹಳ್ಳ ಹೋಗಿ ಸೇರುವುದು ತುಂಗೆಗೆ. ಅಡಿಕೆ ಬೇಯಿಸುವ ಒಲೆಗೆ ಎರಚುವವರೂ ಇದ್ದಾರೆ, ನೀರು ಸೇರಿದ ಡೀಸೆಲು ಒಲೆಯಲ್ಲಿ ಸಿಡಿದು ಮುಖಕ್ಕೇ ಬರುತ್ತದೆ. ಮುಚ್ಚಳ ಇರುವ ಕ್ಯಾನಿನಲ್ಲಿಟ್ಟು, ಹಳೆ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ.

ಮದ್ದು ಹಾಕಬೇಕಾ?

ಇದಕ್ಕೆಂದೇ ಡೀಸೆಲ್ ಬಯೋಸೈಡ್ ಎಂಬ ಮದ್ದು ಸಿಗುತ್ತದೆ. ಡೀಸೆಲಿನಲ್ಲೂ ಬೆರೆತು, ತಳದ ನೀರಿಗೂ ಇಳಿದು ಕೊಲ್ಲುತ್ತದೆ. ‘ನೋಝಲ್ ಕ್ಲೀನರ್’, ‘ಮೈಲೇಜ್ ಬೂಸ್ಟರ್’ ಎಂದು ಅಂಗಡಿಯಲ್ಲಿ ಕೊಡುವುದು ಅದಲ್ಲ, ಡಬ್ಬಿಯ ಮೇಲೆ ಬಯೋಸೈಡ್ ಎಂದೇ ಇರಬೇಕು. ಅಳತೆ ಡಬ್ಬಿ ಹೇಳಿದಷ್ಟೇ. ಕಾಯಿಲೆ ಬಂದಾಗ ಹಾಕುವ ಪ್ರಮಾಣ ಬೇರೆ, ಬರದಂತೆ ಹಾಕುವ ಪ್ರಮಾಣ ಬೇರೆ. ಕಡಿಮೆ ಹಾಕಿದರೆ ಉಳಿದದ್ದು ಮತ್ತೆ ಬೆಳೆಯುತ್ತದೆ. ಇದು ವಿಷ, ಚರ್ಮಕ್ಕೆ ಅಲರ್ಜಿ ಮಾಡುವ ಜಾತಿಯೂ ಇದೆ, ಗವಸು ಕನ್ನಡಕ ಇಲ್ಲದೆ ಮುಟ್ಟಬೇಡಿ.

ಮುಖ್ಯ ಮಾತೆಂದರೆ ಮದ್ದು ಕೊಲ್ಲುತ್ತದೆ, ಗುಡಿಸುವುದಿಲ್ಲ. ಕೊಳಕು ಟ್ಯಾಂಕಿಗೆ ಮದ್ದು ಸುರಿದರೆ ಸತ್ತ ಲೋಳೆಯೆಲ್ಲ ಕಿತ್ತುಬಂದು ಒಂದೇ ದಿನದಲ್ಲಿ ಫಿಲ್ಟರು ಕಟ್ಟುತ್ತದೆ. ಮೊದಲು ತೊಳೆಯಿರಿ, ನೀರು ತೆಗೆಯಿರಿ, ಆಮೇಲೆ ಮದ್ದು. 15–20 ಲೀಟರಿನ ಟ್ಯಾಂಕು ಮಾತ್ರವಾದರೆ ಉಜ್ಜಿ ತೊಳೆದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಡ್ರಮ್ಮಿಟ್ಟು ಉಪಯೋಗಿಸುವವರು ಒಂದು ಸಲ ಹಾಕುವುದು ಒಳ್ಳೆಯದು.

ಮನೆಮದ್ದುಗಳ ಕಥೆ ಕೇಳಿ. ಸೀಮೆಎಣ್ಣೆ ಹಾಕಿ ಎಂದರು ಒಬ್ಬರು. ಅದರ ಹೆಸರೇ ಕೆರೋಸಿನ್ ಫಂಗಸ್, ಸೀಮೆಎಣ್ಣೆ ಅದಕ್ಕೆ ಹಬ್ಬದ ಊಟ. ಬ್ಲೀಚಿಂಗ್ ಪುಡಿ ಎಂದರು ಇನ್ನೊಬ್ಬರು, ಅದು ಲೋಳೆಗಿಂತ ಮೊದಲು ಟ್ಯಾಂಕನ್ನು ತಿನ್ನುತ್ತದೆ. ನಮ್ಮ ಭಾವನ ಸಲಹೆ ಮಾತ್ರ ಅಪ್ಪಟ ಅಡಿಕೆ ಬೆಳೆಗಾರರದು: “ಕೊಳೆ ರೋಗಕ್ಕೆ ಮೈಲುತುತ್ತ ಹೊಡೆಯುತ್ತೇವಲ್ಲ, ಇದಕ್ಕೂ ಒಂದು ಚಿಟಿಕೆ ಹಾಕು.” ಮೈಲುತುತ್ತ ಡೀಸೆಲಿನಲ್ಲಿ ಕರಗುವುದೇ ಇಲ್ಲ. ತಳದ ನೀರಲ್ಲಿ ಕರಗಿ ಕಬ್ಬಿಣವನ್ನು ಕೊರೆಯುತ್ತದೆ, ಸಾಲದ್ದಕ್ಕೆ ತಾಮ್ರ ಸೇರಿದರೆ ಡೀಸೆಲು ಬೇಗ ಕೆಡುತ್ತದೆ. ಆದರೂ ಭಾವನ ಯೋಚನೆಯಲ್ಲಿ ಒಂದು ಸತ್ಯ ಇದೆ. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ಹೊಡೆಯುವುದು ಕಾಯಿ ಉದುರಿದ ಮೇಲಲ್ಲ, ಮಳೆ ಹಿಡಿಯುವ ಮುಂಚೆ.

ಮಳೆಗಾಲಕ್ಕೆ ಮುಂಚೆ, ಮಳೆಯ ನಡುವೆ

ಡ್ರಮ್ಮು ಈಗ ಮಾಡಿನೊಳಗೆ ಅಡ್ಡ ಮಲಗಿದೆ, ಕೆಳಗೆ ಎರಡು ಮರದ ದಿಮ್ಮಿ. ಎರಡೂ ಬಿರಡೆ ನೆಲಕ್ಕೆ ಸಮವಾದ ಒಂದೇ ಗೆರೆಯಲ್ಲಿ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿವೆ. ತುಂಬಿದ ಡ್ರಮ್ಮನ್ನು ಹೀಗೆ ಮಲಗಿಸಿದರೆ ಬಿರಡೆ ಒಳಗಿನಿಂದ ಡೀಸೆಲಿನಲ್ಲೇ ಮುಳುಗಿರುತ್ತದೆ, ಗಾಳಿಯನ್ನಾಗಲಿ ನೀರನ್ನಾಗಲಿ ಎಳೆಯುವುದಿಲ್ಲ. ಒಡೆದು ಉಪಯೋಗಿಸುತ್ತಿರುವ ಡ್ರಮ್ಮನ್ನು ನಿಲ್ಲಿಸಲೇಬೇಕಾದರೆ ಸ್ವಲ್ಪ ವಾಲಿಸಿ, ಬಿರಡೆ ಎತ್ತರದ ಬದಿಗೆ ಬರಲಿ, ಮೇಲೊಂದು ಹಳೆ ಪ್ಲಾಸ್ಟಿಕ್ ಟಬ್ಬು ಬೋರಲು ಹಾಕಿ. ಸತು ಲೇಪಿಸಿದ ಜಿಐ ಡ್ರಮ್ಮು ಬೇಡ, ಸತು ಡೀಸೆಲಿನ ಜೊತೆ ಸೇರಿ ನೋಝಲ್ಲಿಗೆ ಕೂರುವ ಸಾಬೂನಿನಂಥ ಕೊಳೆ ಮಾಡುತ್ತದೆ.

ನನಗೆ ವರ್ಷಕ್ಕೆ ಬೇಕಾಗುವುದು 150 ಲೀಟರ್. ಒಂದೇ ಸಲ ಡ್ರಮ್ಮು ತುಂಬಿಸುವ ಚಟ ಬಿಟ್ಟು, ಈಗ 35 ಲೀಟರಿನ ಎರಡು ಕ್ಯಾನಿನಲ್ಲಿ ಬೇಕಾದಾಗ ತರುತ್ತೇನೆ. ತಂದ ತಿಂಗಳು ಕ್ಯಾನಿನ ಮೇಲೆ ಬರೆದಿಡುತ್ತೇನೆ, ಆರು ತಿಂಗಳೊಳಗೆ ಖಾಲಿ. ಬಂಕಿನಲ್ಲಿ ಟ್ಯಾಂಕರ್ ಇಳಿಸುತ್ತಿದ್ದರೆ ಆಮೇಲೆ ಬರುತ್ತೇನೆ ಎಂದು ಹೊರಟುಬಿಡುತ್ತೇನೆ, ಆ ಹೊತ್ತಿಗೆ ತಳದ ಗಸಿ ಎದ್ದಿರುತ್ತದೆ.

ಮೇ ಕೊನೆಯಲ್ಲಿ ಬೋರ್ಡೋ ಬ್ಯಾರಲ್ ತೊಳೆಯುವ ದಿನವೇ ಜನರೇಟರ್ ಟ್ಯಾಂಕಿನ ತಳದಿಂದ ಒಂದು ಲೋಟ ಇಳಿಸಿ ನೋಡಿ, ಆಮೇಲೆ ಕಂಠದ ತನಕ ತುಂಬಿಸಿ. ಆರಿದ್ರೆ, ಪುನರ್ವಸು ಮಳೆಯಲ್ಲಿ ಕರೆಂಟು ಹೇಗೂ ಹೋಗುತ್ತದೆ, ಜನರೇಟರು ಓಡುತ್ತಲೇ ಇರುತ್ತದೆ. ಕರೆಂಟು ಹೋಗದ ಅದೃಷ್ಟವಂತರು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಲೋಡು ಹಾಕಿ ಓಡಿಸಿ. ಬೌಲಿನ ನೀರು ವಾರಕ್ಕೊಮ್ಮೆ ನೋಡಿದರೆ ಸಾಕು. ಟಿಲ್ಲರು ಗದ್ದೆ ಕೆಲಸ ಮುಗಿಸಿ ಬಂದ ಸಂಜೆಯೇ ಟ್ಯಾಂಕು ತುಂಬಿಸಿ ನಿಲ್ಲಿಸಿ. ಅರ್ಧ ಖಾಲಿ ಬಿಟ್ಟು ಮುಂದಿನ ವರ್ಷದ ನಾಟಿಗೆ ತೆಗೆಯುವುದು ಬೇಡ.

ಬಿಎಸ್-6 ಪಿಕಪ್ಪು, ಜೀಪು ಇರುವವರಿಗೆ

2020ರ ಏಪ್ರಿಲ್ ನಂತರದ ಡೀಸೆಲ್ ಗಾಡಿಗಳಲ್ಲಿ ಕಾಮನ್ ರೈಲ್ ಇರುತ್ತದೆ, ಅಂದರೆ ಎಲ್ಲ ಇಂಜೆಕ್ಟರಿಗೂ (ಈಗಿನ ನೋಝಲ್ಲು) ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲು. ಹಳೆ ನೋಝಲ್ಲು 200 ಬಾರ್ ಆಸುಪಾಸಿನಲ್ಲಿ ತೆರೆಯುತ್ತಿತ್ತು, ಇಲ್ಲಿ ಒತ್ತಡ 1,600 ಬಾರ್ ದಾಟುತ್ತದೆ. ಒಳಗಿನ ಸಂದು ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಒಂದು ಹನಿ ನೀರು ಹೋದರೂ ಇಂಜೆಕ್ಟರು ಕೆಡಬಹುದು. ಹಾಗಾಗಿ ಮೀಟರಿನಲ್ಲಿ ನೀರಿನ ದೀಪ ಹತ್ತಿದರೆ ಮನೆ ತನಕ ಓಡಿಸೋಣ ಎನ್ನಬೇಡಿ. ಬದಿಗೆ ನಿಲ್ಲಿಸಿ, ಫಿಲ್ಟರಿನ ತಳದ ತಿರುಪು ಬಿಚ್ಚಿ ನೀರು ಇಳಿಸಿ. ಮತ್ತೆ ಹತ್ತಿದರೆ ಎಳೆದೇ ಒಯ್ಯಿರಿ. ಹಳೆ ಇಂಜಿನ್ನಿನ ಹಾಗೆ ಇಂಜೆಕ್ಟರ್ ಪೈಪು ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಆ ಒತ್ತಡದ ಧಾರೆ ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ. ಡ್ರಮ್ಮಿನ ಡೀಸೆಲನ್ನು ಇಂಥ ಗಾಡಿಗೆ ಹಾಕುವುದನ್ನು ನಾನಂತೂ ಪೂರ್ತಿ ನಿಲ್ಲಿಸಿದ್ದೇನೆ.

ತೊಳೆದು ಜೋಡಿಸಿದ ಮೇಲೂ ಒಂದು ಸಲ ಫಿಲ್ಟರು ಬೇಗ ಕಟ್ಟಿದರೆ ಗಾಬರಿಯಾಗಬೇಡಿ, ಪೈಪಿನ ಒಳಗೆ ಉಳಿದದ್ದು ಬರುತ್ತದೆ. ನಾನು ಹತ್ತು ಗಂಟೆ ಓಡಿಸಿ ಬಿಚ್ಚಿದೆ, ತೆಳುವಾಗಿ ಲೋಳೆ ಇತ್ತು, ಬದಲಿಸಿದೆ. ಎರಡನೆಯದನ್ನು ಅರವತ್ತು ಗಂಟೆಗೆ ಬಿಚ್ಚಿದಾಗ ಕಾಗದ ಬಿಳಿಯಾಗಿಯೇ ಇತ್ತು, ಅದನ್ನೇ ಮತ್ತೆ ಹಾಕಿದೆ. ಮೂರನೆಯದು ಇರಲಿ ಎಂದು ತಂದಿದ್ದೆ. ಅದು ಈಗಲೂ ಕೊಟ್ಟಿಗೆಯ ಅಟ್ಟದ ಮೇಲೆ ಪ್ಯಾಕು ಒಡೆಯದೆ ಇದೆ.